ಜೋಡಿ ಊರು

ಒಂಬತ್ತನೆಯ ಕಂತು: ಮುಚ್ಚಿಕೊಳ್ಳದ ಬಾಗಿಲು

"ಬಾಗಿಲು ಹಾಕ್ರೀ," ಎಂದರು ಅಭಿವೃದ್ಧಿ ಮಂಡಳಿಯ ನಿರ್ದೇಶಕರು.

ನನ್ನ ಹಿಂದೆ ನಿಂತಿದ್ದ ಇನ್ಸ್‌ಪೆಕ್ಟರ್ ಬಾಗಿಲು ತಳ್ಳಿದರು. ಅದು ಚೌಕಟ್ಟಿಗೆ ಬಡಿದು ಮತ್ತೆ ಒಂದು ಗೇಣು ತೆರೆದುಕೊಂಡಿತು. ಇನ್ನೊಮ್ಮೆ ತಳ್ಳಿದರು. ಊಹೂಂ. ಕೊನೆಗೆ ಭುಜ ಕೊಟ್ಟು ನೂಕಿದರು. ಬಾಗಿಲು ನರಳಿತೇ ಹೊರತು ಕೂರಲಿಲ್ಲ.

"ಬಿಡ್ರೀ, ಅದು ಹಾಗೇ. ಹೊಸ ಬಾಗಿಲು," ಎಂದು ನಿರ್ದೇಶಕರು ಕೈ ಬೀಸಿದರು. "ಅಂದ ಹಾಗೆ ಇವರು ಯಾರು?"

"ನನ್ನ ಸಹಾಯಕರು. ಅಂಕಿ ಅಂಶ ನೋಡ್ಕೋತಾರೆ."

ಸುಳ್ಳು ಹೇಳುವಾಗ ನನಗೆ ಕಿವಿ ಬಿಸಿಯಾಗುತ್ತದೆ. ಅದರಲ್ಲೂ ಇಂಥ ಸುಳ್ಳು! ಇನ್ಸ್‌ಪೆಕ್ಟರಿಗೆ ಸಾದಾ ಅಂಗಿ ಹಾಕಿಸಿದ್ದೆ, ಕೈಗೊಂದು ಲ್ಯಾಪ್‌ಟಾಪ್ ಕೊಟ್ಟಿದ್ದೆ. ಆದರೆ ಆ ಕ್ರಾಪು, ಎದೆ ಸೆಟೆಸಿ ನಿಲ್ಲುವ ಆ ಭಂಗಿ ಎಲ್ಲಿ ಹೋಗಬೇಕು? ಲ್ಯಾಪ್‌ಟಾಪನ್ನು ಲಾಠಿಯ ಹಾಗೆ ಹಿಡಿದಿದ್ದರು ಪುಣ್ಯಾತ್ಮ.

ಈ ನಾಟಕ ಯಾಕೆಂದರೆ, ಮರದ ಊರಿನಲ್ಲಿ ಹಸಿ ಮರ ಒಣಗಿಸುವ ದೊಡ್ಡ ಗೂಡಿಗೆ ಬೆಂಕಿ ಇಟ್ಟವರು ಇನ್ನೂ ಸಿಕ್ಕಿರಲಿಲ್ಲ, ಆ ಬೆಂಕಿಯಲ್ಲಿ ಬೆಂದಿದ್ದ ಕಾವಲುಗಾರ ಅಂದು ಬೆಳಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

ನನ್ನ ಕೆಲಸ ಏನೆಂದು ಕೇಳಿದರೆ ಜನ ಆಕಳಿಸುತ್ತಾರೆ. ಆದರೂ ಹೇಳುತ್ತೇನೆ, ಕೊಲೆ ನಡೆದಿರುವುದೇ ಅದರ ಸುತ್ತ. ಪ್ರಾಂತ್ಯಕ್ಕೊಂದು ಅಭಿವೃದ್ಧಿ ಮಂಡಳಿ ಇದೆಯಲ್ಲ, ಸರ್ಕಾರದ ದುಡ್ಡಿನಲ್ಲಿ ಊರುಗಳಿಗೆ ಉದ್ಯೋಗ ತರುತ್ತೇವೆ ಎನ್ನುವುದು? ಅದು ನಿಜಕ್ಕೂ ತಂದಿತೋ, ಬರೀ ಬಾಯಿಮಾತೋ ಎಂದು ತೂಗಿ ನೋಡುವವಳು ನಾನು. ಬೆನ್ನ ಹಿಂದೆ ನನ್ನನ್ನು ತಕ್ಕಡಿ ಎನ್ನುತ್ತಾರೆ. ಎದುರಿಗೆ ಬಂದರೆ ಮೇಡಂ.

ತೂಗಬೇಕೆಂದರೆ ಇನ್ನೊಂದು ತಟ್ಟೆ ಬೇಕು. ಮಂಡಳಿಯ ಊರಿನಷ್ಟೇ ದೊಡ್ಡದಾದ, ಅಷ್ಟೇ ಕೈಗಳು ದುಡಿಯುವ, ಆದರೆ ಮಂಡಳಿಯ ನೆರಳೂ ಬಿದ್ದಿರದ ಊರೊಂದನ್ನು ಹುಡುಕುತ್ತೇವೆ. ಅದನ್ನು ಜೋಡಿ ಊರು ಎನ್ನುತ್ತೇವೆ. ಜೋಡಿಗಿಂತ ಮಂಡಳಿಯ ಊರು ಚೆನ್ನಾಗಿ ಬೆಳೆದಿದ್ದರೆ ಮಂಡಳಿ ಉಳಿಯುತ್ತದೆ. ಇಲ್ಲದಿದ್ದರೆ ಬೀಗ.

ಜೋಡಿ ಯಾವುದೆಂದು ಗುಟ್ಟಾಗಿರಬೇಕು. ಗೊತ್ತಾಗಿಬಿಟ್ಟರೆ ತಾನು ಬೆಳೆಯುವ ಕಷ್ಟ ಯಾಕೆ, ಜೋಡಿಯನ್ನು ಕೆಡವಿದರೂ ಆಯಿತಲ್ಲ! ಮರದ ಊರು ನಾನು ಆರಿಸಿದ ಜೋಡಿ. ಗೂಡು ಸುಟ್ಟಿತು, ಬಡಗಿ ಅಂಗಡಿಗಳು ಒಂದೊಂದಾಗಿ ಮುಚ್ಚಿದವು, ಇತ್ತ ಮಂಡಳಿಯ ಊರು ಕೂತಲ್ಲೇ ಬೆಳೆದಂತೆ ಕಾಣತೊಡಗಿತು.

"ಕೂತ್ಕೊಳ್ಳಿ ಮೇಡಂ," ಎಂದರು ನಿರ್ದೇಶಕರು. ದಪ್ಪ ಮನುಷ್ಯ, ತಣ್ಣನೆಯ ಕೋಣೆಯಲ್ಲೂ ಬೆವರುತ್ತಿದ್ದರು. ಹಿಂದಿನ ಗೋಡೆಯ ತುಂಬ ನಕ್ಷೆಗಳು. ಎಲ್ಲದರಲ್ಲೂ ಒಂದೊಂದು ಹಸಿರು ಬಾಣ ಮೇಲಕ್ಕೆ ಹಾರುತ್ತಿತ್ತು. "ನೋಡಿ, ಬಾಣ ಹೇಗೆ ಏರ್ತಿದೆ!"

"ಏರ್ತಿದೆ, ಸರಿ. ಬಿಟ್ಟಿದ್ದು ನೀವೇನಾ?"

"ಮತ್ತಿನ್ಯಾರು?"

"ಈ ನಕ್ಷೆಯಲ್ಲಿರೋ ಬ್ರೆಡ್ ಕಾರ್ಖಾನೆ ನೀವು ಬರೋಕೆ ಮುಂಚೆನೂ ಇತ್ತಲ್ಲ?"

"ನಾವು ಬಂದ್ಮೇಲೆ ಬೆಳೀತು ಮೇಡಂ."

"ಜನಕ್ಕೆ ಹಸಿವಾಗಿದ್ದಕ್ಕೆ ಬೆಳೀತು. ನೀವು ಇಲ್ದೇ ಇದ್ದಿದ್ರೆ ಏನಾಗ್ತಿತ್ತು, ಅದನ್ನ ಹೇಳಿ. ನಾನು ಕೇಳೋದು ಅದೊಂದೇ."

ಇನ್ಸ್‌ಪೆಕ್ಟರ್ ಗೋಡೆಯ ಕಡೆ ತಿರುಗಿ ಕೆಮ್ಮಿದರು. ನಗು ತಡೆದುಕೊಂಡದ್ದು ನನಗೆ ಗೊತ್ತಾಯಿತು. ನನಗೆ ನಗು ಬರುವ ಹಾಗಿರಲಿಲ್ಲ. ಬಾಗಿಲ ಸಂದಿನಲ್ಲಿ ಆಗಾಗ ಯಾರದೋ ಅಂಗಿ ಹಾದು ಹೋಗುತ್ತಿತ್ತು. ನಾವಾಡುವ ಮಾತು ಯಾರ ಕಿವಿಗೆ ಬೀಳುತ್ತಿದೆಯೋ ಎಂದು ಪ್ರತಿ ಸಲವೂ ಆ ಕಡೆ ಕಣ್ಣು ಹಾಯಿಸುತ್ತಿದ್ದೆ.

ಯಾಕೆಂದರೆ ನಾನು ಬಲೆ ಬೀಸಿ ಕೂತಿದ್ದೆ.

ಮರದ ಊರಿನ ಗುಟ್ಟು ನನಗೆ ಗೊತ್ತಿತ್ತು, ನಮ್ಮ ವಿಭಾಗದ ಮುಖ್ಯಸ್ಥರಾದ ಗುರುಗಳಿಗೆ ಗೊತ್ತಿತ್ತು, ನನ್ನ ಓಡಾಟಕ್ಕೆ ಅಪ್ಪಣೆ ಕೊಡುವ ಮಂತ್ರಾಲಯದ ಕಾರ್ಯದರ್ಶಿ ಮೇಡಂಗೆ ಗೊತ್ತಿತ್ತು. ನಿರ್ದೇಶಕರು ಹೇಗೋ ಮೂಸಿ ಹಿಡಿದಿರಬಹುದು. ಹೊಸ ಜೋಡಿ ಆರಿಸಿದ್ದೇನೆ ಎಂದು ಸುಳ್ಳು ಸುದ್ದಿ ಹುಟ್ಟಿಸಿದೆ. ನಿರ್ದೇಶಕರ ಕಿವಿಗೆ ಬೀಳುವಂತೆ ಗಿರಣಿ ಊರಿನ ಹೆಸರು ತೇಲಿಬಿಟ್ಟೆ. ಕಾರ್ಯದರ್ಶಿ ಮೇಡಂಗೆ ಬಂದರಿನ ಊರು ಎಂದೆ. ಗುರುಗಳಿಗೆ ಬಣ್ಣದ ಊರು ಎಂದೆ. ಯಾವ ಊರಿಗೆ ಕುತ್ತು ಬರುತ್ತದೋ, ಆ ಊರಿನ ಹೆಸರು ಕೇಳಿಸಿಕೊಂಡವರೇ ಕೊಲೆಗಾರರು.

"ಗುರುಗಳ ಮೇಲೂ ಅನುಮಾನವಾ?" ಎಂದು ಇನ್ಸ್‌ಪೆಕ್ಟರ್ ಹಿಂದಿನ ದಿನ ಹುಬ್ಬೇರಿಸಿದ್ದರು.

"ಬಿಡ್ತು ಅನ್ನಿ! ಅವರದು ಹೋಲಿಕೆಗೆ ಅಂತ ಇಟ್ಕೊಂಡಿದ್ದು."

"ಹಾಗಂದ್ರೆ?"

"ಊರು ಅಂದ್ಮೇಲೆ ಬೆಂಕಿ ಬೀಳೋದು, ಗೋಡೆ ಕುಸಿಯೋದು ಸುಮ್ಸುಮ್ನೆ ಕೂಡ ಆಗ್ತಿರುತ್ತೆ. ಯಾರೂ ಕೈ ಹಾಕಲ್ಲ ಅಂತ ಖಾತ್ರಿ ಇರೋ ಊರು ಒಂದು ಬೇಕು. ಅಲ್ಲಿ ಏನೂ ಆಗ್ದೇ, ಇನ್ನೆರಡರಲ್ಲಿ ಎಲ್ಲೋ ಒಂದು ಕಡೆ ಆದ್ರೆ, ಆವಾಗ ಅದು ಪಿತೂರಿ ಅಂತ ಗಟ್ಟಿಯಾಗಿ ಹೇಳಬಹುದು."

ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡರು. "ನಿಮ್ಮ ಲೆಕ್ಕಾಚಾರ ನಿಮಗೇ ಪ್ರೀತಿ. ನನ್ನ ಹತ್ರ ಎರಡು ಊರಿಗೆ ಆಗೋವಷ್ಟೇ ಜನ ಇರೋದು. ಮೂರನೇದಕ್ಕೆ?"

"ಬಣ್ಣದ ಊರಿಗೆ ಯಾರೂ ಬೇಡ," ಎಂದಿದ್ದೆ.

ಬಣ್ಣದ ಊರಲ್ಲಿ ನನ್ನ ತಂಗಿ ಇದ್ದಾಳೆ. ಬಟ್ಟೆಗೆ ಬಣ್ಣ ಹಾಕುವ ಮನೆಗಳು ಸಾಲುಸಾಲಾಗಿರುವ ಊರು ಅದು, ಅಲ್ಲಿನ ಚರಂಡಿಗಳು ಒಂದು ದಿನ ನೀಲಿ, ಒಂದು ದಿನ ಕೆಂಪು ಹರಿಯುತ್ತವೆ. ಅಷ್ಟೂ ಮನೆಗಳಿಗೆ ಉಗಿ ಕೊಡುವುದು ಒಂದೇ ಬಾಯ್ಲರು. ಅದನ್ನು ನೋಡಿಕೊಳ್ಳುವ ಸಂಘಕ್ಕೆ ಈ ವರ್ಷ ತಂಗಿಯೇ ಮುಖ್ಯಸ್ಥೆ. ನನಗೆ ಇರುವ ಒಡಹುಟ್ಟು ಅವಳೊಬ್ಬಳೇ. ಆದರೆ ಜೋಡಿ ಎಂದು ನಂಬಿಸಬಹುದಾದ ಊರುಗಳು ಉಳಿದಿದ್ದದ್ದೇ ಮೂರು, ಅದರಲ್ಲಿ ಇದೂ ಒಂದು. ಅವಳ ಊರಿನ ಹೆಸರನ್ನು ಯಾರ ಕಿವಿಗೆ ಹಾಕಲಿ ಎಂದು ಯೋಚಿಸಿದಾಗ, ನಾನು ಕಣ್ಣು ಮುಚ್ಚಿ ನಂಬುವ ಒಬ್ಬರು ನೆನಪಾದರು.

ಅಪ್ಪ ಹೋದ ಮೇಲೆ ನನ್ನನ್ನು ಏಕವಚನದಲ್ಲಿ ಕರೆಯುವವರು ಗುರುಗಳೊಬ್ಬರೇ. ಊರೊಂದಕ್ಕೆ ಕಾಲಿಟ್ಟ ಕೂಡಲೇ ಏನು ನೋಡಬೇಕು, ಅಂಗಡಿಯವರನ್ನು ಹೇಗೆ ಮಾತಿಗೆಳೆಯಬೇಕು ಎಂದೆಲ್ಲ ಕಲಿಸಿದವರು ಅವರು. ಮಂಡಳಿಗಳನ್ನು ಕಟ್ಟಿ ಎಂದು ಸರ್ಕಾರಕ್ಕೆ ಮೊದಲು ಹೇಳಿದವರೂ ಅವರೇ. ತಾವೇ ಹುಟ್ಟಿಸಿದ ಕೂಸನ್ನು ತಾವೇ ತಕ್ಕಡಿಗೆ ಹಾಕುತ್ತಾರಲ್ಲ, ಎಂಥ ನ್ಯಾಯವಂತರು ಎಂದು ನಾನು ಕಂಡಕಂಡವರ ಹತ್ತಿರ ಹೊಗಳಿದ್ದುಂಟು.

"ಮೇಡಂ, ಎಲ್ಲಿ ಹೋಗ್ಬಿಟ್ರಿ?" ಎಂದರು ನಿರ್ದೇಶಕರು.

ನಾನು ನೆಟ್ಟಗೆ ಕೂತೆ. "ಮರದ ಊರಿನ ಕಾವಲುಗಾರ ಬೆಳಗ್ಗೆ ತೀರ್ಕೊಂಡ."

ಅವರ ಮುಖದ ಮೇಲಿದ್ದ ನಗು ಹಾಗೇ ಅಂಟಿಕೊಂಡು ಉಳಿಯಿತು, ಕಣ್ಣು ಮಾತ್ರ ಇಳಿಯಿತು. "ಅಯ್ಯೋ ಪಾಪ. ಹೋಗ್ಬಿಟ್ನಾ?"

"ನಿಮಗೆ ಗೊತ್ತಿದ್ದವನಾ?"

"ನೋಡಿದ್ದೆ... ಒಂದೆರಡು ಸಲ."

ಇನ್ಸ್‌ಪೆಕ್ಟರ್ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರು. ನನ್ನ ಕಿವಿ ನೆಟ್ಟಗಾಯಿತು. ಮಂಡಳಿಗೆ ಸಂಬಂಧವೇ ಇಲ್ಲದ ಊರಿನ ಗೂಡು ಕಾಯುವವನನ್ನು ಈ ಮನುಷ್ಯ ಯಾಕೆ ನೋಡಿರಬೇಕು?

"ಎಲ್ಲಿ ನೋಡಿದ್ರಿ?"

"ಅಲ್ಲೇ, ಅವರೂರಲ್ಲೇ."

"ನಿಮಗೆ ಅಲ್ಲಿ ಏನು ಕೆಲಸ?"

"ಏನ್ರೀ ಇದು, ಪೊಲೀಸ್ನೋರು ಕೇಳಿದ ಹಾಗೆ ಕೇಳ್ತೀರಿ!"

"ಪೊಲೀಸ್ನೋರು ಕೇಳಿದ್ರೆ ಇನ್ನೂ ಚೆನ್ನಾಗಿ ಕೇಳ್ತಾರೆ," ಎಂದು ಇನ್ಸ್‌ಪೆಕ್ಟರ್ ಬಾಯಿ ಹಾಕಿದರು. ನಾನು ಮೇಜಿನ ಕೆಳಗೆ ಅವರ ಬೂಟು ತುಳಿದೆ.

"ನಾನು ಸುತ್ತುಬಳಸಿ ಮಾತಾಡಲ್ಲ," ಎಂದೆ. "ಮರದ ಊರು ನಿಮ್ಮ ಜೋಡಿ ಆಗಿತ್ತು. ಅದು ಕುಸಿದ್ರೆ ನಿಮ್ಮ ಬಾಣ ಇನ್ನೂ ಎತ್ತರಕ್ಕೆ ಹೋಗುತ್ತೆ. ಮಂಡಳಿ ಉಳಿಯುತ್ತೆ, ನಿಮ್ಮ ಕುರ್ಚಿ ಉಳಿಯುತ್ತೆ. ಆ ಗೂಡು ಸುಟ್ಟರೆ ನಿಮ್ಮಷ್ಟು ಲಾಭ ಇನ್ಯಾರಿಗೂ ಇಲ್ಲ."

ನಿರ್ದೇಶಕರ ಕತ್ತು ಕೆಳಗಿನಿಂದ ಮೇಲಕ್ಕೆ ಕೆಂಪಾಯಿತು.

"ಲಾಭ?" ಎಂದು ಕೂಗಿ ಎದ್ದರು. ಕುರ್ಚಿ ಹಿಂದಕ್ಕೆ ಜಾರಿ ನಕ್ಷೆಗೆ ಬಡಿಯಿತು. "ಲಾಭ ಅಂತೀರಾ? ಬನ್ನಿ ಇಲ್ಲಿ. ಬನ್ನಿ ಅಂದ್ನಲ್ಲ!"

ಅವರು ನೇರ ಬಾಗಿಲ ಹತ್ತಿರ ಹೋಗಿ ಅದರ ಅಂಚಿಗೆ ಕೈಯಿಂದ ಬಡಿದರು. "ಇದನ್ನ ಮಾಡಿದ್ಯಾರು ಗೊತ್ತಾ? ನಮ್ಮ ಮಂಡಳಿ ಬೆಳೆಸಿದ ಕಾರ್ಖಾನೆ. ಬಾಗಿಲು, ಕಿಟಕಿ, ಮೇಜು. ನನ್ನ ಹೆಮ್ಮೆಯ ಕೂಸು ಅದು. ಮುಟ್ಟಿ ನೋಡಿ."

ಮುಟ್ಟಿದೆ. ಹಲಗೆ ನಡುವೆ ಉಬ್ಬಿತ್ತು, ಮೇಲಿನ ಮೂಲೆ ಚೌಕಟ್ಟಿನಿಂದ ಆಚೆ ತಿರುಚಿಕೊಂಡಿತ್ತು. ಕೀಲಿನಲ್ಲಿ ಬಿರುಕು. ಬೆರಳಿಗೆ ಅಂಟಂಟಾಗಿ ಏನೋ ಹತ್ತಿತು. ಮೂಸಿದರೆ ಹಸಿ ಮರದ ವಾಸನೆ.

"ಒಣಗಿಸದೇ ಇರೋ ಮರ," ಎಂದೆ.

"ಒಣಗಿಸೋದು ಎಲ್ಲಿ? ನಮಗೆ ಸ್ವಂತ ಗೂಡಿದೆಯಾ? ಮೊದಲಿಂದಲೂ ನಮ್ಮ ಮರ ಒಣಗ್ತಿದ್ದದ್ದು ಆ ಊರಿನ ಗೂಡಲ್ಲೇ! ಕಾರ್ಖಾನೆಯವರ ಜೊತೆ ಒಂದೆರಡು ಸಲ ನಾನೂ ಹೋಗಿದ್ದೆ. ಆ ಕಾವಲುಗಾರ ನನಗೆ ಟೀ ಕೊಟ್ಟಿದ್ದ ಕಣ್ರೀ." ಕಿಟಕಿಯ ಪರದೆ ಸರ್ರನೆ ಎಳೆದರು. "ಕೆಳಗೆ ನೋಡಿ."

ಹಿಂದಿನ ಅಂಗಳದಲ್ಲಿ ಬಾಗಿಲುಗಳ ರಾಶಿ. ಕೊಂಡವರು ವಾಪಸ್ ಕಳಿಸಿದವು. ಒಂದರ ಮೇಲೊಂದು ಒರಗಿಸಿದ್ದರೂ ಯಾವುದೂ ಇನ್ನೊಂದಕ್ಕೆ ಸರಿಯಾಗಿ ಕೂತಿರಲಿಲ್ಲ, ಎಲ್ಲವೂ ತಮ್ಮ ತಮ್ಮ ಕಡೆಗೆ ಸೊಟ್ಟಗಾಗಿದ್ದವು.

"ಇನ್ನೊಂದು ತಿಂಗಳು ಹೀಗೇ ಆದ್ರೆ ಕಾರ್ಖಾನೆ ಬಾಗಿಲು ಹಾಕುತ್ತೆ. ಅದು ಹಾಕಿದ್ರೆ ನನ್ನ ಬಾಣ ಎಲ್ಲಿಗೆ ಹೋಗುತ್ತೆ ಮೇಡಂ? ನೀವು ದೊಡ್ಡ ತಕ್ಕಡಿ ಅಲ್ವಾ, ತೂಗಿ ಹೇಳಿ!"

ಎದುರಿಗೇ ತಕ್ಕಡಿ ಎಂದುಬಿಟ್ಟರು. ಕೋಪ ಬರಬೇಕಿತ್ತು. ಬರಲಿಲ್ಲ, ನಾಚಿಕೆಯಾಯಿತು. ಮರದ ಊರಿಗೂ ಮಂಡಳಿಗೂ ಏನೇನೂ ಸಂಬಂಧವಿಲ್ಲ ಎಂದು ಎದೆ ತಟ್ಟಿ ಹೇಳಿದವಳು ನಾನೇ. ಬಡಗಿಗಳನ್ನು ಮಾತಾಡಿಸಿದ್ದೆ, ಅಂಗಡಿಗಳನ್ನು ಎಣಿಸಿದ್ದೆ, ಗೂಡಿನ ಮುಂದೆ ಹಾದುಹೋಗಿದ್ದೆ. ಒಳಗೆ ಯಾರ ಮರ ಒಣಗುತ್ತಿದೆ ಎಂದು ಮಾತ್ರ ಕೇಳಿರಲಿಲ್ಲ. ಎರಡೂ ಊರು ಒಂದೇ ಗೂಡಿನ ಮೇಲೆ ನಿಂತಿದ್ದವು.

ನಾನು ಮತ್ತೆ ಕುರ್ಚಿಗೆ ಕುಸಿದೆ. ತಲೆ ಓಡತೊಡಗಿತು, ಓಡಿದಷ್ಟೂ ಮೈ ತಣ್ಣಗಾಗುತ್ತಾ ಬಂತು.

ಗೂಡು ಸುಟ್ಟರೆ ಮಂಡಳಿಗೂ ಏಟು ಬೀಳುತ್ತದೆ ಎನ್ನುವುದು ಇಲ್ಲಿ ಕೆಲಸ ಮಾಡುವ ಜವಾನನಿಗೂ ಗೊತ್ತು. ಬೆಂಕಿ ಇಟ್ಟವರಿಗೆ ಗೊತ್ತಿರಲಿಲ್ಲ. ಎರಡು ಊರೂ ಬೇರೆ ಬೇರೆ ಎಂದು ಅವರು ಪೂರ್ತಿಯಾಗಿ ನಂಬಿದ್ದರು. ಅಂದರೆ ಅವರು ನಂಬಿದ್ದು ನನ್ನ ಮಾತನ್ನು.

"ಕಾರ್ಯದರ್ಶಿ ಮೇಡಂ," ಎಂದು ಇನ್ಸ್‌ಪೆಕ್ಟರ್ ನನ್ನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದರು. ಅವರೂ ಅದೇ ದಾರಿಯಲ್ಲಿ ಯೋಚಿಸಿದ್ದರು. "ಆಕೆಗೂ ಊರಿನ ಹೆಸರು ಗೊತ್ತಿತ್ತು. ಗೂಡಿನ ಸಂಬಂಧ ಗೊತ್ತಿರೋಕೆ ಸಾಧ್ಯ ಇಲ್ಲ."

"ಹೆಸರು ಗೊತ್ತಿತ್ತು, ಅಷ್ಟೇ," ಎಂದೆ, ದನಿ ತಗ್ಗಿಸುವುದನ್ನೂ ಮರೆತು. "ಊರಲ್ಲಿ ಏನಿದೆ ಅಂತ ಆಕೆಗೆ ಹೇಗೆ ಗೊತ್ತಾಗ್ಬೇಕು? ಬೆಂಕಿ ಇಟ್ಟವರು ಯಾವುದೋ ಅಂಗಡಿಗೆ ಇಡಲಿಲ್ಲ. ಒಂದು ಸುಟ್ಟರೆ ಇಡೀ ಊರು ಕೂರುತ್ತಲ್ಲ, ಸರಿಯಾಗಿ ಅದಕ್ಕೇ ಇಟ್ಟರು."

"ಅಂಥದು ಯಾವುದು ಅಂತ ನಿಮ್ಮ ಗುರುಗಳೂ ಕೇಳಿದ್ರು ನೋಡಿ," ಎಂದರು ನಿರ್ದೇಶಕರು. ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು, ಸಿಟ್ಟು ಇಳಿದಿತ್ತು.

"ಯಾವಾಗ?"

"ಹೋದ ಸಲ ಇಲ್ಲಿಗೆ ಬಂದಿದ್ರಲ್ಲ, ಊಟಕ್ಕೆ ಕೂತಾಗ. ಮರಗೆಲಸದ ಊರು ಅಂತಿದ್ರೆ, ಅಲ್ಲಿ ಯಾವುದೊಂದು ನಿಂತರೆ ಎಲ್ಲಾ ನಿಲ್ಲುತ್ತೆ ಅಂತ. ಗೂಡು ಸಾರ್ ಅಂದೆ. ನಮ್ಮ ಮರ ಎಲ್ಲಿ ಒಣಗುತ್ತೆ ಅಂತಲೂ ಹೇಳೋಕೆ ಹೋದೆ. ಅಷ್ಟರಲ್ಲಿ ಅವರು ಎದ್ದು ಕೈ ತೊಳೆಯೋಕೆ ಹೋಗ್ಬಿಟ್ರು."

ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದರು.

"ಹಾಗೆ ನೋಡ್ಬೇಡಿ ನನ್ನ," ಎಂದೆ. "ಅದು ನಾವೆಲ್ಲ ಕೇಳೋ ಪ್ರಶ್ನೆ. ಹೋದ ಊರಲ್ಲೆಲ್ಲ ಕೇಳ್ತೀವಿ. ನನಗೆ ಕೇಳೋಕೆ ಕಲಿಸಿದ್ದೇ ಅವರು."

"ನಾನೇನೂ ಅನ್ಲಿಲ್ಲವಲ್ಲ ಮೇಡಂ."

"ಅನ್ಬೇಡಿ ಮತ್ತೆ!"

ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು. ಅಪ್ಪನಂಥ ಮನುಷ್ಯರ ಬಗ್ಗೆ ಯಾರೋ ಹೊರಗಿನವರು ಹುಬ್ಬೇರಿಸಿದರೆ ಸಹಿಸುವುದು ಹೇಗೆ? ಅವರ ಜೊತೆ ಆಡಿದ ಮಾತನ್ನು ನೆನಪಿಸಿಕೊಂಡೆ, ಅವರ ಪರವಾಗಿ ಏನಾದರೂ ಸಿಗುತ್ತದೆ ಎಂದು. ಫೋನಿನಲ್ಲೇ ಹೇಳಿದ್ದೆ. ಹೊಸ ಜೋಡಿ ಸಿಕ್ಕಿದೆ ಗುರುಗಳೇ, ಬಣ್ಣದ ಊರು. ಅವರು ಏನನ್ನೋ ಬಾಯಲ್ಲಿ ಅಗಿಯುತ್ತಿದ್ದರು, ಅಗಿಯುವುದು ನಿಂತಿತು. ಆಮೇಲೆ, ಒಳ್ಳೇ ಆಯ್ಕೆ ಕಣೇ, ಎಂದರು.

ಅಷ್ಟೇ. ಒಳ್ಳೇ ಆಯ್ಕೆ.

ಆಗ ನೆನಪಾಯಿತು.

ನಮ್ಮ ವಿಭಾಗದಲ್ಲಿ ಒಂದು ನಿಯಮವಿದೆ, ಹೇಗೂ ಸುಳ್ಳು ಜೋಡಿ ತಾನೆ ಎಂದು ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ನಿಯಮ. ತೂಗುವವರ ನೆಂಟರು, ಒಡಹುಟ್ಟಿದವರು ಬದುಕುವ ಊರು ಜೋಡಿಯಾಗಕೂಡದು. ತಕ್ಕಡಿ ಯಾವ ಕಡೆಗಾದರೂ ವಾಲೀತು ಎಂದು. ಆ ನಿಯಮ ಬರೆದವರು ಗುರುಗಳು. ನನ್ನ ಜೊತೆಯವನೊಬ್ಬ ತನ್ನ ಹೆಂಡತಿಯ ಸೋದರಮಾವನ ಊರನ್ನು ಆರಿಸಿದ್ದಕ್ಕೆ ಅವನಿಗೆ ಎಲ್ಲರ ಎದುರು ಮಂಗಳಾರತಿ ಮಾಡಿದವರು. ಇನ್ನು ನನ್ನ ತಂಗಿಯ ಮನೆಯಲ್ಲಿ ಅವರು ಊಟ ಮಾಡಿದ್ದಾರೆ. ಅವಳ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತಿದ್ದಾರೆ.

ಆ ಊರು ಬೇಡ ಕಣೇ, ಅಲ್ಲಿ ನಿನ್ನ ತಂಗಿ ಇದ್ದಾಳಲ್ಲ, ಎಂದು ಅವರು ಗದರಬೇಕಿತ್ತು. ಗದರಲಿಲ್ಲ. ತಾವು ಹುಟ್ಟಿಸಿದ ಕೂಸನ್ನು ಉಳಿಸಿಕೊಳ್ಳಲು ಅವರಿಗೆ ಆ ಊರು ಬೇಕಿತ್ತು.

"ನಿಮ್ಮ ಜನ ಏನಂತಾರೆ?" ಎಂದು ಇನ್ಸ್‌ಪೆಕ್ಟರನ್ನು ಕೇಳಿದೆ.

ಅವರು ಜೇಬಿನಿಂದ ಫೋನ್ ತೆಗೆದು ನೋಡಿದರು. "ಗಿರಣಿ ಊರು ತಣ್ಣಗಿದೆ. ಬಂದರಿನ ಊರಲ್ಲೂ ಏನಿಲ್ಲ. ನಾಯಿ ಕೂಡ ಬೊಗಳ್ತಿಲ್ಲ ಅಂತ ಬರೆದಿದ್ದಾನೆ ನಮ್ಮೋನು."

"ಬಣ್ಣದ ಊರು?"

"ಅಲ್ಲಿ ಯಾರಿದ್ದಾರೆ ಮೇಡಂ? ನೀವೇ ಬೇಡ ಅಂದ್ರಿ."

"ಕಳಿಸಿ! ಈಗಲೇ ಕಳಿಸಿ ಯಾರನ್ನಾದ್ರೂ!"

"ಒಂದ್ನಿಮಿಷ, ಏನ್ರೀ ನಡೀತಿದೆ ಇಲ್ಲಿ? ನಿಮ್ಮ ಜನ ಅಂದ್ರೆ ಯಾರು?" ಎಂದರು ನಿರ್ದೇಶಕರು. ಅವರಿಗೆ ಉತ್ತರ ಕೊಡುವ ವ್ಯವಧಾನ ಯಾರಿಗಿತ್ತು? ಇನ್ಸ್‌ಪೆಕ್ಟರ್ ಆಗಲೇ ಆ ಸೊಟ್ಟ ಬಾಗಿಲನ್ನು ಒದ್ದು ಹೊರಗೆ ಹೋಗಿದ್ದರು. ಪಡಸಾಲೆಯ ತುಂಬ ಅವರ ಪೊಲೀಸ್ ದನಿ ಮೊಳಗಿತು.

ನಾನು ತಂಗಿಗೆ ಫೋನ್ ಹಚ್ಚಿದೆ. ಬ್ಯುಸಿ. ಮತ್ತೆ ಹಚ್ಚಿದೆ. ಬ್ಯುಸಿ. ಬೆರಳು ಬೆವೆತು ಪರದೆಯ ಮೇಲೆ ಜಾರುತ್ತಿತ್ತು. ಎತ್ತೇ, ಎತ್ತೇ ಮಾರಾಯ್ತಿ, ಎಂದು ಗಟ್ಟಿಯಾಗಿಯೇ ಅನ್ನುತ್ತಿದ್ದೆನಂತೆ. ಆಮೇಲೆ ನಿರ್ದೇಶಕರು ಹೇಳಿದರು.

"ಅಕ್ಕಾ! ನೂರು ವರ್ಷ ಆಯಸ್ಸು ನಿಂಗೆ. ಈಗ್ತಾನೇ ಬೈಕೋತಿದ್ದೆ."

ಅವಳ ದನಿ ಕೇಳಿದ್ದೇ ಅಳು ಒತ್ತರಿಸಿ ಬಂತು. "ಎಲ್ಲಿದ್ದೀಯೇ?"

"ಎಲ್ಲಿರ್ತೀನಿ, ಬಾಯ್ಲರ್ ಮನೇಲಿ. ಎಲ್ಲಾ ನಿನ್ನ ದೆಸೆಯಿಂದಲೇ. ತಪಾಸಣೆಯವನನ್ನ ಕಳಿಸೋ ಮುಂಚೆ ಒಂದು ಮಾತು ಹೇಳೋಕೆ ಏನು ಧಾಡಿ ನಿಂಗೆ? ಮನೆ ಕೆಲಸ ಎಲ್ಲಾ ಹಾಗೇ ಬಿಟ್ಟು ಓಡಿ ಬಂದೆ."

"ಯಾವ ತಪಾಸಣೆ?"

"ಗುರುಗಳು ಫೋನ್ ಮಾಡಿದ್ರಲ್ಲ. ನಿಮ್ಮೂರನ್ನ ದೊಡ್ಡ ಕೆಲಸಕ್ಕೆ ಆರಿಸಿದ್ದೀವಿ ಮಗಳೇ, ಬಾಯ್ಲರ್ ಸರಿ ಇದೆಯಾ ಅಂತ ನೋಡೋಕೆ ಒಬ್ಬನನ್ನ ಕಳಿಸ್ತೀನಿ ಅಂತ. ಎಷ್ಟು ಅಕ್ಕರೆಯಿಂದ ಮಾತಾಡಿದ್ರು ಗೊತ್ತಾ? ಮಕ್ಕಳ ಹೆಸರೆಲ್ಲ ನೆನಪಿಟ್ಕೊಂಡಿದ್ದಾರೆ."

"ಬಂದವನು ಏನು ಮುಟ್ಟಿದ?"

"ಸೇಫ್ಟಿ ವಾಲ್ವಿಗೆ ಅದೇನೋ ತಂತಿ ಸುತ್ತಿ ಸೀಲ್ ಹಾಕ್ದ. ಇನ್ಮೇಲೆ ನೀವು ಯಾರೂ ಇದನ್ನ ಮುಟ್ಟೋ ಹಾಗಿಲ್ಲ, ನಿಯಮ ಅಂದ. ಆಗ್ಲೇ ಹೋದ. ಯಾಕೇ, ಏನಾಯ್ತು?"

ಒತ್ತಡ ಮಿತಿ ಮೀರಿದರೆ ತಾನೇ ತೆರೆದುಕೊಂಡು ಉಗಿ ಹೊರಗೆ ಬಿಡುವ ವಾಲ್ವ್ ಅದು. ಅದು ತೆರೆದುಕೊಳ್ಳದ ಹಾಗೆ ತಂತಿ ಬಿಗಿಯುವ ನಿಯಮ ಭೂಮಿಯ ಮೇಲೆ ಎಲ್ಲೂ ಇರಲಾರದು.

"ಬೆಂಕಿ ಆರಿಸು. ಈಗಲೇ ಬೆಂಕಿ ಆರಿಸು."

"ಆರ್ಸೋಕೆ ಅದೇನು ಸ್ಟೌವಾ? ಕಲ್ಲಿದ್ದಲು ಕಣೇ. ಬಾಯ್ಲರ್ ನೋಡ್ಕೊಳ್ಳೋನು ಬೇರೆ ಊಟಕ್ಕೆ ಹೋಗಿದ್ದಾನೆ."

"ಒತ್ತಡದ ಮುಳ್ಳು ಎಲ್ಲಿದೆ ನೋಡು."

"ಇರು." ಅವಳು ನಡೆಯುವುದು ಕೇಳಿಸಿತು. ಹಿಂದೆ ಒಂದು ಗುಂಯ್ ಎನ್ನುವ ಸದ್ದು, ಮೊದಲು ಗಮನಿಸಿರಲಿಲ್ಲ. ಆಮೇಲೆ ಅವಳ ದನಿಯಲ್ಲಿದ್ದ ತಮಾಷೆ ಪೂರ್ತಿ ಇಳಿದುಹೋಯಿತು. "ಅಕ್ಕಾ, ಕೆಂಪು ಗೆರೆ ದಾಟಿದೆ. ಇಷ್ಟೊತ್ತಿಗೆ ವಾಲ್ವ್ ಬಿಟ್ಕೋಬೇಕಿತ್ತು."

"ಹೊರಗೆ ಬಾ. ಓಡು. ನನ್ನಾಣೆ, ಓಡು!"

"ಪಕ್ಕದಲ್ಲೇ ಹೆಂಗಸರಿದ್ದಾರೆ, ಬಟ್ಟೆ ಅದ್ದುತಾ ಇದ್ದಾರೆ. ಮಿಷನ್ ಸದ್ದಿಗೆ ಇಲ್ಲಿಂದ ಕೂಗಿದ್ರೆ ಕೇಳಲ್ಲ."

"ನೀನು ಮೊದಲು ಹೊರಗೆ ಹೋಗೇ!"

"ಸುಮ್ನಿರು ಅಕ್ಕ. ಅವರನ್ನ ಬಿಟ್ಟು ಹೇಗೆ ಹೋಗ್ಲಿ? ಫೋನ್ ಕಟ್ ಮಾಡ್ಬೇಡ, ಇಲ್ಲೇ ಇಟ್ಟಿರ್ತೀನಿ."

ಫೋನನ್ನು ಎಲ್ಲೋ ಗಟ್ಟಿ ಜಾಗದಲ್ಲಿ ಇಟ್ಟ ಸದ್ದಾಯಿತು. ಚಪ್ಪಲಿಯ ಸಪ್ಪಳ ದೂರವಾಯಿತು. ಅವಳು ಹೆಸರು ಹಿಡಿದು ಯಾರನ್ನೋ ಕೂಗಿದಳು, ಇನ್ನೊಮ್ಮೆ ಕೂಗಿದಳು, ಆಮೇಲೆ ಕೂಗು ಕೇಳಲಿಲ್ಲ. ಗುಂಯ್ ಎನ್ನುವ ಆ ಸದ್ದು ಮಾತ್ರ ಕೀರಲಾಗಿ, ಇನ್ನೂ ಕೀರಲಾಗಿ ಏರುತ್ತಿತ್ತು.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಿದ್ದೆ. ಉಸಿರು ಬಿಟ್ಟರೆ ಏನೋ ತಪ್ಪಿಹೋಗುತ್ತದೆ ಎನ್ನಿಸುತ್ತಿತ್ತು. ಹೊರಗೆ ಇನ್ಸ್‌ಪೆಕ್ಟರ್ ಯಾರಿಗೋ ಅಗ್ನಿಶಾಮಕದವರನ್ನು ಕಳಿಸಿ ಎಂದು ಕಿರುಚುತ್ತಿದ್ದರು, ತೆರೆದೇ ಇದ್ದ ಬಾಗಿಲಾಚೆ ಇನ್ಯಾರೋ ಫೋನಿನಲ್ಲಿ ಪಿಸುಗುಟ್ಟುತ್ತಿದ್ದರು.

ಆಗ ನಿರ್ದೇಶಕರ ಮೇಜಿನ ಮೇಲಿದ್ದ ಫೋನ್ ಹೊಡೆದುಕೊಂಡಿತು. ಅವರು ಎತ್ತಿ, ಹಲೋ ಎಂದು, ಕೇಳಿಸಿಕೊಂಡರು. ಮುಖದ ಬಣ್ಣ ಇಳಿಯಿತು. ರಿಸೀವರನ್ನು ನನ್ನತ್ತ ಚಾಚಿದರು.

"ನಿಮ್ಮ ಗುರುಗಳು," ಎಂದರು. "ತಂಗಿ ಹೊರಗೆ ಬಂದ್ಲಾ ಅಂತ ಕೇಳ್ತಿದ್ದಾರೆ."